ಮೂರನೆಯ ಹಂತದ ಕಂದಕ: ಒಂದು ಸಣ್ಣ ಆಟಕ್ಕೆ ಅಭಿಪ್ರಾಯ ಹೇಳಿದ ನನ್ನ ಅನುಭವ

ಚಿಕ್ಕಮಗಳೂರಿನ ನಮ್ಮ ಬೀದಿಯ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಕಳೆದ ಮಳೆಗಾಲದಲ್ಲಿ ತಾನೇ ರಚಿಸಿದ ಆಟವೊಂದನ್ನು ಪೆನ್‌ಡ್ರೈವ್‌ನಲ್ಲಿ ತಂದು, "ಅಣ್ಣಾ, ಆಡಿ ನೋಡಿ, ಮುಚ್ಚುಮರೆ ಮಾಡದೆ ಹೇಳಿ" ಎಂದು ಕೊಟ್ಟುಹೋದ. ಹಲಗೆಯಿಂದ ಹಲಗೆಗೆ ಜಿಗಿಯುತ್ತ ಸಾಗುವ, ಹಳೆಯ ಆರ್ಕೇಡ್ ಶೈಲಿಯ ಪ್ಲಾಟ್‌ಫಾರ್ಮರ್ ಅದು. ಸೊಂಟಕ್ಕೆ ಚೀಲ ಕಟ್ಟಿಕೊಂಡ ಹುಡುಗಿ ಕಾಫಿ ಕಣದಿಂದ ಹೊರಟು, ಹಣ್ಣು ಕೊಯ್ಯುತ್ತ, ಮಂಗಗಳಿಂದ ತಪ್ಪಿಸಿಕೊಳ್ಳುತ್ತ, ಐದು ಹಂತಗಳಲ್ಲಿ ಮುಳ್ಳಯ್ಯನಗಿರಿಯ ತುದಿ ಸೇರಬೇಕು. ಕೆಲವು ವರ್ಷ ಗೇಮ್ ಪರೀಕ್ಷಕನಾಗಿ ದುಡಿದ ನನಗೆ ಆ ಕಲ್ಪನೆ ತುಂಬ ಹಿಡಿಸಿತು.

ಇಂತಹ ಕೆಲಸಕ್ಕೆ ಕುಳಿತಾಗ ನಾನು ಮೊದಲ ಆಟದಲ್ಲಿ ಯಾವ ತೀರ್ಮಾನಕ್ಕೂ ಬರುವುದಿಲ್ಲ. ಪರದೆಯನ್ನೂ ನಾನು ಒತ್ತಿದ ಗುಂಡಿಗಳನ್ನೂ ಒಟ್ಟಿಗೆ ದಾಖಲಿಸಿಕೊಂಡು, ಎಲ್ಲೆಲ್ಲಿ ಸತ್ತೆ ಎಂಬುದನ್ನಷ್ಟೇ ಬರೆದಿಡುತ್ತೇನೆ. ಆ ಸಂಜೆ ಒಟ್ಟು 31 ಬಾರಿ ಸತ್ತಿದ್ದೆ. ಅದರಲ್ಲಿ 19 ಸಾವು ಮೂರನೆಯ ಹಂತದ ಒಂದೇ ಕಂದಕದಲ್ಲಿ ಆಗಿದ್ದವು. ಪ್ರತಿ ಸಲವೂ "ನಾನು ಒತ್ತಿದ್ದೆನಲ್ಲ" ಎಂದೇ ಅನ್ನಿಸುತ್ತಿತ್ತು. ಪರದೆಯ ಮೇಲೆ ಮೂಡುವ ಒಂದೊಂದು ಚಿತ್ರವೂ ಒಂದು ಫ್ರೇಮ್; ಆಟ ಸೆಕೆಂಡಿಗೆ 60 ಫ್ರೇಮ್‌ಗಳಲ್ಲಿ ಓಡುತ್ತಿದ್ದುದರಿಂದ ಒಂದು ಫ್ರೇಮ್ ಎಂದರೆ ಸುಮಾರು 16.7 ಮಿಲಿಸೆಕೆಂಡು. ದಾಖಲೆಯನ್ನು ಫ್ರೇಮ್ ಫ್ರೇಮಾಗಿ ನೋಡಿದಾಗ, ಆ ಸಾವುಗಳಲ್ಲಿ ಹೆಚ್ಚಿನವು ಪಾತ್ರದ ಕಾಲು ಅಂಚು ದಾಟಿದ ಮೂರು ನಾಲ್ಕು ಫ್ರೇಮ್‌ಗಳ ನಂತರ ಗುಂಡಿ ಒತ್ತಿದ್ದರಿಂದ ಆದವು ಎಂದು ತಿಳಿಯಿತು.

"ಮೂರನೆಯ ಹಂತ ತೀರಾ ಕಷ್ಟ" ಎಂದಷ್ಟೇ ಹೇಳಿದ್ದರೆ ಅವನು ಕಂದಕವನ್ನು ಕಿರಿದು ಮಾಡುತ್ತಿದ್ದ, ಹಂತ ಸಪ್ಪೆಯಾಗುತ್ತಿತ್ತು. ಬದಲಿಗೆ ದಾಖಲೆಯನ್ನೇ ತೋರಿಸಿ, ಅಂಚು ದಾಟಿದ ಮೇಲೂ ಆರು ಫ್ರೇಮ್‌ಗಳವರೆಗೆ, ಎಂದರೆ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಕಾಲ, ಜಿಗಿತವನ್ನು ಒಪ್ಪಿಕೊಂಡು ನೋಡು ಎಂದೆ. ಕಾರ್ಟೂನಿನಲ್ಲಿ ಬಂಡೆಯಂಚು ದಾಟಿದರೂ ಒಂದು ಕ್ಷಣ ಗಾಳಿಯಲ್ಲೇ ನಿಲ್ಲುವ ಕಯೋಟಿ ಎಂಬ ತೋಳದಂತಹ ಪ್ರಾಣಿಯ ನೆನಪಿನಲ್ಲಿ ಗೇಮ್ ರಚಿಸುವವರು ಇದನ್ನು ಕಯೋಟಿ ಟೈಮ್ ಎನ್ನುತ್ತಾರೆ. ಹಾಗೆಯೇ ನೆಲ ಮುಟ್ಟುವುದಕ್ಕೆ ತುಸು ಮೊದಲೇ ಒತ್ತಿದ ಗುಂಡಿಯನ್ನು ನೆನಪಿಟ್ಟುಕೊಂಡು, ಕಾಲು ಊರಿದೊಡನೆ ಜಿಗಿಸುವ ವ್ಯವಸ್ಥೆಯೂ ಬೇಕಿತ್ತು.

ಅವನು ಸುಲಭವಾಗಿ ಒಪ್ಪಲಿಲ್ಲ. "ಹಳೇ ಆಟಗಳು ಇಷ್ಟು ಕನಿಕರ ತೋರಿಸ್ತಿರಲಿಲ್ಲ ಅಣ್ಣಾ" ಎಂದ. ಆ ಮಾತಿನಲ್ಲಿ ಸತ್ಯವಿತ್ತು, ಆದ್ದರಿಂದ ಅದರ ಬಗ್ಗೆಯೇ ಹೆಚ್ಚು ಹೊತ್ತು ಮಾತಾಡಿದೆವು. 1981ರ ಡಾಂಕಿ ಕಾಂಗ್‌ನಲ್ಲಿ ಒಮ್ಮೆ ಜಿಗಿದರೆ ಗಾಳಿಯಲ್ಲಿ ದಿಕ್ಕು ಬದಲಿಸಲಾಗದು. ಆದರೆ ಅಲ್ಲಿ ಉರುಳಿಬರುವ ಪೀಪಾಯಿ ದೂರದಿಂದಲೇ ಕಾಣುತ್ತದೆ, ಯಾವಾಗ ಜಿಗಿಯಬೇಕೆಂದು ಯೋಚಿಸಲು ಸಮಯವಿರುತ್ತದೆ. 1985ರ ಸೂಪರ್ ಮಾರಿಯೋ ಬ್ರದರ್ಸ್‌ನಲ್ಲಿ ಗುಂಡಿಯನ್ನು ಎಷ್ಟು ಹೊತ್ತು ಹಿಡಿಯುತ್ತೇವೆ ಎಂಬುದರ ಮೇಲೆ ಜಿಗಿತದ ಎತ್ತರ ನಿಂತಿದೆ, ಗಾಳಿಯಲ್ಲಿಯೂ ಹಿಂದೆ ಮುಂದೆ ಸರಿಯಬಹುದು. ಇವನ ಆಟ ಮೊದಲನೆಯದರ ಜಿಗಿತವನ್ನು ಇಟ್ಟುಕೊಂಡು, ಎರಡನೆಯದಕ್ಕೆ ಹೊಂದುವಂತಹ ಚಲಿಸುವ ಕಿರಿದಾದ ಹಲಗೆಗಳನ್ನು ಜೋಡಿಸಿತ್ತು. ನಿಜವಾದ ತೊಡಕು ಇಲ್ಲಿಯೇ ಇತ್ತು ಎಂಬುದು ಇಂದಿಗೂ ನನ್ನ ಅಭಿಪ್ರಾಯ. ಯಾವ ಜಿಗಿತ ಬೇಕೆಂಬ ಆಯ್ಕೆಯನ್ನು ನಾನು ಅವನಿಗೇ ಬಿಟ್ಟೆ.

ಮಂಗದ ಬಾಲದ ತುದಿ ತಾಗಿದರೂ ಸಾವು ಬರುತ್ತಿತ್ತು. ತಾಗಿತೋ ಇಲ್ಲವೋ ಎಂದು ಆಟ ಲೆಕ್ಕ ಹಾಕುವ ಡಿಕ್ಕಿಯ ಚೌಕವನ್ನು ಮಂಗದ ಮೈಗಷ್ಟೇ ಸೀಮಿತಗೊಳಿಸಲು ಹೇಳಿದೆ. ಬಣ್ಣ, ಸಂಗೀತಗಳ ಬಗ್ಗೆ ಏನನ್ನೂ ಹೇಳಲಿಲ್ಲ, ಏಕೆಂದರೆ ಅವು ಅವನ ಅಭಿರುಚಿಗೆ ಸೇರಿದವು. ಅಕ್ಷರಗಳ ವಿಷಯದಲ್ಲಿ ಮಾತ್ರ ಪಟ್ಟುಹಿಡಿದೆ. ಇಂಗ್ಲಿಷಿನ ದೊಡ್ಡಕ್ಷರಗಳು 8 ಪಿಕ್ಸೆಲ್ ಎತ್ತರದಲ್ಲಿ ಚೆನ್ನಾಗಿ ಕಾಣುತ್ತವೆ, ಆದರೆ "ಚಿಕ್ಕಮಗಳೂರು" ಎಂಬುದರ ಒತ್ತಕ್ಷರ ಅಷ್ಟರಲ್ಲಿ ಬರೀ ಚುಕ್ಕೆಯಾಗಿಬಿಡುತ್ತದೆ. ಒತ್ತಿಗೆ ಕೆಳಗೆ ಜಾಗ ಬಿಟ್ಟು 16 ಪಿಕ್ಸೆಲ್ ಕೊಡು ಎಂದೆ.

ಎರಡು ವಾರಗಳ ನಂತರ ಅವನು ಹೊಸ ಆವೃತ್ತಿಯೊಡನೆ ಬಂದ. ಗಾಳಿಯಲ್ಲಿ ಸರಿಯುವ ಜಿಗಿತವನ್ನೇ ಆರಿಸಿಕೊಂಡಿದ್ದ; ಕಯೋಟಿ ಟೈಮ್ ಅನ್ನು ಆರರ ಬದಲು ನಾಲ್ಕು ಫ್ರೇಮ್‌ಗೆ ನಿಲ್ಲಿಸಿದ್ದ. ಈ ಬಾರಿ ಅದೇ ಕಂದಕದಲ್ಲಿ ನಾನು ಐದು ಸಲ ಸತ್ತೆ, ಐದೂ ಸಲ ತಪ್ಪು ನನ್ನದೆಂದು ಸ್ಪಷ್ಟವಾಗಿ ಕಾಣುತ್ತಿತ್ತು. ಕಂದಕದ ಅಗಲವನ್ನು ಅವನು ಒಂದು ಪಿಕ್ಸೆಲ್ ಕೂಡ ಬದಲಿಸಿರಲಿಲ್ಲ.