ಒಂದೇ ಮೆಸೇಜ್ ಎರಡು ಸಲ ಬಂದರೆ? ಸರ್ವೀಸ್‌ಗಳ ನಡುವೆ ಡೇಟಾ ಸಾಗಿಸುವ ಬಗೆ

ಆರ್ಡರ್ ಸರ್ವೀಸ್ ಕಳಿಸಿದ ಮೆಸೇಜ್ ಬಿಲ್ಲಿಂಗ್ ಸರ್ವೀಸ್‌ಗೆ ಎರಡು ಸಲ ಬಂದರೆ ಏನಾಗುತ್ತದೆ? ಇದಕ್ಕೆ ಉತ್ತರ ಸಿಗುವ ತನಕ ಕಾಫ್ಕಾ (ಮೆಸೇಜ್‌ಗಳನ್ನು ಇಟ್ಟುಕೊಂಡು ತಲುಪಿಸುವ ವ್ಯವಸ್ಥೆ) ಬೇಕೋ ಜಿಆರ್‌ಪಿಸಿ (ಒಂದು ಸರ್ವೀಸ್ ಇನ್ನೊಂದನ್ನು ನೇರವಾಗಿ ಕರೆಯುವ ಬಗೆ) ಸಾಕೋ ಎಂಬ ಚರ್ಚೆಗೆ ಕೂರಬೇಡಿ. ಬಿಲ್ಲಿಂಗ್ ಕೆಲಸ ಮುಗಿಸಿ ‘ಸಿಕ್ಕಿತು’ ಎನ್ನುವಷ್ಟರಲ್ಲಿ ನೆಟ್‌ವರ್ಕ್ ಕಡಿದರೆ, ಆರ್ಡರ್ ಕಡೆಗೆ ಕಾಣುವುದು ಬರೀ ಟೈಮ್‌ಔಟ್. ಅದು ಮತ್ತೆ ಕಳಿಸುತ್ತದೆ, ಕಳಿಸಲೇಬೇಕು.

ಹಾಗಾಗಿ ಪಡೆಯುವ ಕಡೆಯಿಂದ ಶುರುಮಾಡಿ. ಪ್ರತಿ ಮೆಸೇಜ್‌ಗೂ ಕಳಿಸುವ ಸರ್ವೀಸೇ ಒಂದು ಯುಯುಐಡಿ (ಬೇರೆ ಯಾವುದಕ್ಕೂ ಇರದ ಗುರುತು) ಕೊಡಲಿ. ರಿಟ್ರೈ ಮಾಡುವಾಗಲೂ ಅದೇ ಐಡಿ ಹೋಗಬೇಕು. ಪ್ರತಿ ಸಲ ಹೊಸದು ಹುಟ್ಟಿಸಿದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ. ಪಡೆಯುವ ಡೇಟಾಬೇಸ್‌ನಲ್ಲಿ ಆ ಐಡಿಗೆ ಯುನೀಕ್ ಕನ್‌ಸ್ಟ್ರೇಂಟ್ (ಒಂದೇ ಐಡಿ ಎರಡನೇ ಸಲ ಸೇರದಂತೆ ತಡೆಯುವ ನಿಯಮ) ಇರುವ ಟೇಬಲ್ ಇಟ್ಟು, ಐಡಿಯನ್ನೂ ಬಿಲ್ಲನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಉಳಿದರೆ ಎರಡೂ, ಇಲ್ಲವಾದರೆ ಯಾವುದೂ ಇಲ್ಲ ಎಂಬಂತೆ) ಬರೆಯಿರಿ. ಬಿಡಿಬಿಡಿಯಾಗಿ ಬರೆದರೆ, ನಡುವೆ ಪ್ರೋಸೆಸ್ ಸತ್ತಾಗ ಐಡಿ ಉಳಿದು ಬಿಲ್ಲೇ ತಪ್ಪಿಹೋಗುತ್ತದೆ. ಹಳೆಯ ಐಡಿಗಳನ್ನು ಅವಸರದಲ್ಲಿ ಅಳಿಸಬೇಡಿ: ಕಾಫ್ಕಾ ಡೀಫಾಲ್ಟಾಗಿ ಮೆಸೇಜ್‌ಗಳನ್ನು 7 ದಿನ ಇಟ್ಟುಕೊಳ್ಳುತ್ತದೆ, ಐಡಿಗಳು ಅದಕ್ಕಿಂತ ಹೆಚ್ಚು ದಿನ ಇರಲಿ.

ಕಳಿಸುವ ಕಡೆಯ ಅಪಾಯ ಬೇರೆ. ಡೇಟಾಬೇಸ್‌ಗೆ ಬರೆದು, ಆಮೇಲೆ ಕ್ಯೂಗೆ (ಮೆಸೇಜ್‌ಗಳು ಕಾಯುವ ಸರತಿಗೆ) ಹಾಕಿದರೆ ಎರಡರ ನಡುವಿನ ಕ್ರ್ಯಾಶ್ ಮೆಸೇಜನ್ನು ನುಂಗುತ್ತದೆ. ಮೆಸೇಜನ್ನೂ ಆರ್ಡರ್ ಜೊತೆಯಲ್ಲೇ, ಅದೇ ಟ್ರಾನ್ಸಾಕ್ಷನ್‌ನಲ್ಲಿ ಔಟ್‌ಬಾಕ್ಸ್ ಟೇಬಲ್‌ಗೆ (ಕಳಿಸಬೇಕಾದ ಮೆಸೇಜ್‌ಗಳ ಪಟ್ಟಿಗೆ) ಹಾಕಿ. ಇನ್ನೊಂದು ಪ್ರೋಸೆಸ್ ಅಲ್ಲಿಂದ ಓದಿ ಕ್ಯೂಗೆ ಕಳಿಸಲಿ. ಇಲ್ಲಿ ಅನೇಕರು ಎಡವುವ ಜಾಗವೊಂದಿದೆ. ‘ಕೊನೆಯ ಸಲ 105 ಓದಿದೆ, ಈಗ ಅದಕ್ಕಿಂತ ದೊಡ್ಡವು ಕೊಡು’ ಎಂದು ಆಟೋ ಇನ್‌ಕ್ರಿಮೆಂಟ್ (ತಾನಾಗಿ ಏರುತ್ತಾ ಹೋಗುವ) ನಂಬರ್ ಹಿಡಿದು ಓದಿದರೆ, 104 ಪಡೆದ ಟ್ರಾನ್ಸಾಕ್ಷನ್ ತಡವಾಗಿ ಕಮಿಟ್ ಆದಾಗ, ಅಂದರೆ ತಡವಾಗಿ ಪಕ್ಕಾ ಆದಾಗ, ಆ ಸಾಲು ಶಾಶ್ವತವಾಗಿ ಹಿಂದೆ ಉಳಿಯುತ್ತದೆ. ‘ಕಳಿಸಿದೆ’ ಎಂಬ ಕಾಲಂ ನೋಡಿಯೇ ಓದಿ.

ಕಾಫ್ಕಾದಲ್ಲಿ ಕ್ರಮ ಕಾಯ್ದುಕೊಳ್ಳುವುದು ಒಂದು ಪಾರ್ಟಿಷನ್ (ಮೆಸೇಜ್‌ಗಳನ್ನು ಹಂಚಿಡುವ ಒಂದು ಭಾಗ) ಒಳಗೆ ಮಾತ್ರ. ಮೆಸೇಜ್ ಯಾವ ಪಾರ್ಟಿಷನ್‌ಗೆ ಎಂದು ನಿರ್ಧರಿಸುವುದು ಅದರ ಕೀ, ಆರ್ಡರ್ ಐಡಿಯನ್ನೇ ಕೀ ಮಾಡಿ. ಮುಂದೊಂದು ದಿನ ಪಾರ್ಟಿಷನ್ ಹೆಚ್ಚಿಸಿದರೆ ಅದೇ ಕೀ ಬೇರೆ ಪಾರ್ಟಿಷನ್‌ಗೆ ಬೀಳಬಹುದು, ಆದ್ದರಿಂದ ಸಂಖ್ಯೆಯನ್ನು ಮೊದಲೇ ಯೋಚಿಸಿ ಇಡಿ.

ಪ್ರೋಟೋಬಫ್‌ನಲ್ಲಿ (ಪ್ರತಿ ಫೀಲ್ಡ್‌ಗೂ ಒಂದು ನಂಬರ್ ಕೊಟ್ಟು ಮೆಸೇಜ್ ಬರೆಯುವ ಬಗೆ) ಫೀಲ್ಡ್ ತೆಗೆದರೆ ಅದರ ನಂಬರನ್ನು ರಿಸರ್ವ್ ಮಾಡಿ, ಮತ್ತೆ ಬಳಸಬೇಡಿ. ಜೇಸನ್‌ನಲ್ಲಿ (ಮೆಸೇಜನ್ನು ಪಠ್ಯವಾಗಿ ಬರೆಯುವ ಬಗೆ) 64 ಬಿಟ್ ಐಡಿಗಳು ಸಂಖ್ಯೆಯಾಗಿ ಅಲ್ಲ, ಸ್ಟ್ರಿಂಗ್ (ಅಕ್ಷರಗಳ ಸರಣಿ) ಆಗಿರಲಿ. 9007199254740991 ದಾಟಿದರೆ ಜಾವಾಸ್ಕ್ರಿಪ್ಟ್ ಕೊನೆಯ ಅಂಕಿಗಳನ್ನು ಸದ್ದಿಲ್ಲದೆ ಬದಲಿಸಬಹುದು. ಸಮಯ ಯುಟಿಸಿಯಲ್ಲಿರಲಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ). ಗಾತ್ರದ ಡೀಫಾಲ್ಟ್ ಮಿತಿ ಕಾಫ್ಕಾದಲ್ಲಿ ಸುಮಾರು 1 ಎಂಬಿ, ಜಿಆರ್‌ಪಿಸಿ ಸ್ವೀಕರಿಸುವಾಗ 4 ಎಂಬಿ. ದೊಡ್ಡ ಫೈಲನ್ನು ಆಬ್ಜೆಕ್ಟ್ ಸ್ಟೋರ್‌ನಲ್ಲಿಟ್ಟು, ವಿಳಾಸ ಮತ್ತು ಚೆಕ್‌ಸಮ್ (ಫೈಲ್ ಕೆಟ್ಟಿಲ್ಲವೆಂದು ತಾಳೆ ನೋಡುವ ಮೌಲ್ಯ) ಮಾತ್ರ ಕಳಿಸಿ.

ರಿಟ್ರೈ ಒಂದೇ ಹಂತದಲ್ಲಿರಲಿ. ಒಂದರ ಕೆಳಗೊಂದು ಕರೆಯುವ ಮೂರು ಹಂತಗಳೂ ತಲಾ 3 ಸಲ ಪ್ರಯತ್ನಿಸಿದರೆ ಕೊನೆಯ ಸರ್ವೀಸ್ ಮೇಲೆ 27 ಕರೆ ಬೀಳುತ್ತವೆ, ಅದೂ ಅದು ಏದುಸಿರು ಬಿಡುತ್ತಿರುವಾಗಲೇ. 1, 2, 4 ಸೆಕೆಂಡ್ ಹೀಗೆ ಬಿಡುವು ಹೆಚ್ಚಿಸುತ್ತಾ, ಎಲ್ಲರೂ ಒಟ್ಟಿಗೆ ನುಗ್ಗದಂತೆ ಸ್ವಲ್ಪ ರ‍್ಯಾಂಡಮ್ ವಿಳಂಬ ಸೇರಿಸಿ. ಜಿಆರ್‌ಪಿಸಿ ತಾನಾಗಿ ಡೆಡ್‌ಲೈನ್ (ಉತ್ತರಕ್ಕೆ ಕಾಯುವ ಗಡುವು) ಹಾಕುವುದಿಲ್ಲ, ನೀವೇ ಹಾಕಬೇಕು. ಮೆಸೇಜೇ ಕೆಟ್ಟಿದ್ದರೆ ಎಷ್ಟು ಸಲ ಓದಿದರೂ ಅಷ್ಟೇ, ಅದರ ಹಿಂದೆ ಸರತಿಯಲ್ಲಿರುವವೆಲ್ಲ ಕಾಯುತ್ತಾ ನಿಲ್ಲುತ್ತವೆ. 5 ಸಲ ಸೋತಿದ್ದನ್ನು ಡೆಡ್ ಲೆಟರ್ ಕ್ಯೂಗೆ (ಸೋತ ಮೆಸೇಜ್‌ಗಳನ್ನು ಬೇರೆಯಾಗಿಡುವ ಸರತಿಗೆ) ಸರಿಸಿ, ಅಲ್ಲಿ ಒಂದೇ ಒಂದು ಮೆಸೇಜ್ ಬಿದ್ದರೂ ಅಲರ್ಟ್ ಬರುವಂತೆ ಇಡಿ.