ಅಜ್ಜಿಯಿಂದ ಮೊಮ್ಮಗುವಿನವರೆಗೆ: ರಜೆಯಲ್ಲಿ ವಂಡರ್‌ಲಾಗೆ ಹೋಗುವವರಿಗೊಂದು ಕೈಪಿಡಿ

ಬೇಸಿಗೆ ರಜೆ ಶುರುವಾಯಿತೆಂದರೆ ಬೆಂಗಳೂರು, ಮಂಡ್ಯ, ಮೈಸೂರು, ತುಮಕೂರಿನ ಅನೇಕ ಮನೆಗಳಲ್ಲಿ ಮಕ್ಕಳ ಬಾಯಲ್ಲಿ ಮೊದಲು ಬರುವ ಹೆಸರು ವಂಡರ್‌ಲಾ. ಮೈಸೂರು ರಸ್ತೆಯಲ್ಲಿ ಬೆಂಗಳೂರಿನಿಂದ ಸುಮಾರು 28 ಕಿ.ಮೀ. ದೂರದಲ್ಲಿ, ಬಿಡದಿಗೆ ಸ್ವಲ್ಪ ಮೊದಲೇ ಸಿಗುವ ಈ ಮನರಂಜನಾ ಉದ್ಯಾನ 2005ರಲ್ಲಿ ಆರಂಭವಾಯಿತು. ಎಂಬತ್ತು ಎಕರೆಗೂ ಮಿಕ್ಕ ಈ ಜಾಗದಲ್ಲಿ ನೆಲದ ಮೇಲಿನ ರೈಡ್‌ಗಳು, ನೀರಿನ ಆಟಗಳು ಮತ್ತು ಪುಟ್ಟ ಮಕ್ಕಳ ಆಟಗಳು ಸೇರಿ 60ರಷ್ಟು ಇವೆ. ಇಷ್ಟನ್ನೂ ಒಂದೇ ದಿನದಲ್ಲಿ ಮುಗಿಸಿ ಕೊಟ್ಟ ದುಡ್ಡನ್ನು ವಸೂಲಿ ಮಾಡಿಕೊಳ್ಳಬೇಕೆಂಬ ಹಟವೇ ಬಹಳಷ್ಟು ಕುಟುಂಬಗಳ ದಿನವನ್ನು ಕೆಡಿಸುತ್ತದೆ. ಹೊರಡುವ ಮೊದಲು ಎರಡು ಸಂಗತಿಗಳನ್ನು ಖಚಿತಪಡಿಸಿಕೊಂಡರೆ ಉಳಿದ ಯೋಜನೆ ತಾನಾಗಿಯೇ ರೂಪುಗೊಳ್ಳುತ್ತದೆ: ಮನೆಯ ಪ್ರತಿಯೊಂದು ಮಗುವಿನ ಎತ್ತರ ಎಷ್ಟು, ಮತ್ತು ನೀ‌ರಿನ ಆಟಗಳು ಎಷ್ಟು ಗಂಟೆಗೆ ತೆರೆಯುತ್ತವೆ.

ಮೊದಲ ಕೆಲಸ: ಎತ್ತರ ಅಳೆಯುವುದು

ಇಲ್ಲಿ ಮಕ್ಕಳ ಟಿಕೆಟ್ ನಿರ್ಧಾರವಾಗುವುದು ವಯಸ್ಸಿನಿಂದಲ್ಲ, ಎತ್ತರದಿಂದ. 85 ಸೆಂ.ಮೀ.ಗಿಂತ ಕಡಿಮೆ ಇರುವ ಮಗುವಿಗೆ ಟಿಕೆಟ್ ಬೇಕಿಲ್ಲ. 85ರಿಂದ 140 ಸೆಂ.ಮೀ. ಒಳಗಿದ್ದರೆ ಮಕ್ಕಳ ದರ. ಅದಕ್ಕಿಂತ ಹೆಚ್ಚಿದ್ದರೆ ವಯಸ್ಸು ಎಷ್ಟೇ ಇರಲಿ, ದೊಡ್ಡವರ ದರ. ಹತ್ತರಿಂದ ಹನ್ನೆರಡು ವರ್ಷದ ಮಕ್ಕಳು ಸಾಮಾನ್ಯವಾಗಿ ಈ 140ರ ಗೆರೆಯ ಆಚೀಚೆಯೇ ಇರುವುದರಿಂದ, ಚಪ್ಪಲಿ ಬಿಚ್ಚಿಸಿ ಗೋಡೆಗೆ ಬೆನ್ನು ತಾಗಿಸಿ ನಿಲ್ಲಿಸಿ, ತಲೆಯ ಮೇಲೆ ಪುಸ್ತಕವನ್ನು ಅಡ್ಡವಾಗಿಟ್ಟು ಗುರುತು ಹಾಕಿ ಟೇಪಿನಿಂದ ಅಳೆದ ಮೇಲೆಯೇ ಟಿಕೆಟ್ ಕಾಯ್ದಿರಿಸುವುದು ಒಳ್ಳೆಯದು.

ಹಣಕ್ಕಿಂತಲೂ ಮುಖ್ಯವಾದ ಇನ್ನೊಂದು ಕಾರಣವಿದೆ. ಜೋರಾದ ರೈಡ್‌ಗಳಿಗೆ ಪ್ರವೇಶ ಸಿಗುವುದೂ ಎತ್ತರದ ಮೇಲೆಯೇ. ಭುಜದ ಮೇಲಿಂದ ಇಳಿದು ಎದೆಯನ್ನು ಹಿಡಿದಿಡುವ ಕಂಬಿಯನ್ನು ಒಂದು ನಿರ್ದಿಷ್ಟ ಗಾತ್ರದ ದೇಹಕ್ಕೆಂದು ವಿನ್ಯಾಸಗೊಳಿಸಿರುತ್ತಾರೆ. ಮಗು ಚಿಕ್ಕದಾಗಿದ್ದರೆ ಕಂಬಿಗೂ ದೇಹಕ್ಕೂ ನಡುವೆ ಅಂತರ ಉಳಿದು, ಆಸನ ತಲೆಕೆಳಗಾದಾಗ ಮಗು ಜಾರುವ ಅಪಾಯವಿರುತ್ತದೆ. ಹೀಗಾಗಿ ರೈಡಿನ ಬಾಗಿಲಲ್ಲಿ ಅಳತೆಗೋಲು ಹಿಡಿದ ಸಿಬ್ಬಂದಿಯೊಂದಿಗೆ 'ಎರಡೇ ಸೆಂಟಿಮೀಟರ್ ಅಲ್ಲವೇ' ಎಂದು ವಾದಕ್ಕಿಳಿಯುವುದು ಸರಿಯಲ್ಲ. ಅಣ್ಣನಿಗೆ ಪ್ರವೇಶವಿದೆ, ತಮ್ಮನಿಗಿಲ್ಲ ಎಂಬ ಸಂಗತಿಯನ್ನು ಮಕ್ಕಳಿಗೆ ಮನೆಯಲ್ಲೇ ತಿಳಿಸಿ, ಆ ಹೊತ್ತಿನಲ್ಲಿ ತಮ್ಮ ಯಾವ ಆಟವಾಡುತ್ತಾನೆ ಎಂಬುದನ್ನೂ ಅಲ್ಲೇ ತೀರ್ಮಾನಿಸಿಕೊಂಡರೆ ಸರದಿಯ ಕೊನೆಯಲ್ಲಿ ಅಳು ಏಳುವುದಿಲ್ಲ.

ಯಾವ ದಿನ, ಯಾವ ಟಿಕೆಟ್

ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗೆ ಜನಸಂದಣಿ ಇದ್ದೇ ಇರುತ್ತದೆ. ಆದರೂ ಶನಿವಾರ, ಭಾನುವಾರಗಳಿಗಿಂತ ಮಂಗಳವಾರದಿಂದ ಗುರುವಾರದವರೆಗಿನ ದಿನಗಳು ಮೇಲು, ಏಕೆಂದರೆ ಮಕ್ಕಳಿಗೆ ರಜೆ ಇದ್ದರೂ ದೊಡ್ಡವರ ಕಚೇರಿಗಳಿಗೆ ಇರುವುದಿಲ್ಲ. ಪೋಷಕರಲ್ಲಿ ಒಬ್ಬರಾದರೂ ವಾರದ ನಡುವೆ ಒಂದು ದಿನ ರಜೆ ಹಾಕಲು ಸಾಧ್ಯವಿದ್ದರೆ ಹಾಕಿಬಿಡುವುದು ಉತ್ತಮ. ಸಾಲಿನಲ್ಲಿ ಕಾಯದೆ ಉಳಿತಾಯವಾಗುವ ಸಮಯವೇ ಅದರ ಪ್ರತಿಫಲ. ದಸರಾ ರಜೆಯಲ್ಲಿ ಬಿಸಿಲು ಕಡಿಮೆ ಎಂಬ ಅನುಕೂಲವಿದೆ, ಆದರೆ ಮಧ್ಯಾಹ್ನದ ನಂತರ ಗುಡುಗು ಮಳೆ ಬಂದರೆ ಎತ್ತರದ ರೈಡ್‌ಗಳನ್ನು ನಿಲ್ಲಿಸುತ್ತಾರೆ. ನವೆಂಬರ್‌ನಿಂದ ಜನವರಿವರೆಗೆ ಶಾಲಾ ಪ್ರವಾಸದ ಬಸ್ಸುಗಳು ಬರುವ ಕಾಲವಾದ್ದರಿಂದ ವಾರದ ದಿನಗಳಲ್ಲೂ ಸಮವಸ್ತ್ರದ ಸಾಲು ಉದ್ದವಾಗಿರುತ್ತದೆ.

ದರ ದಿನದಿಂದ ದಿನಕ್ಕೆ ಬದಲಾಗುತ್ತದೆ. ಆದ್ದರಿಂದ ಹೋಗುವ ದಿನಾಂಕದ ದರವನ್ನು ಉದ್ಯಾನದ ಜಾಲತಾಣದಲ್ಲಿಯೇ ನೋಡಿ, ಆನ್‌ಲೈನ್‌ನಲ್ಲಿ ಕಾಯ್ದಿರಿಸಬೇಕು. ಹಿರಿಯ ನಾಗರಿಕರಿಗೂ ಕಾಲೇಜು ವಿದ್ಯಾರ್ಥಿಗಳಿಗೂ ರಿಯಾಯಿತಿ ಇದ್ದಾಗ ಅದಕ್ಕೆ ಗುರುತಿನ ಚೀಟಿ ಬೇಕಾಗುತ್ತದೆ. ಸಾಲನ್ನು ತಪ್ಪಿಸುವ ಫಾಸ್ಟ್‌ಟ್ರ್ಯಾಕ್ ಟಿಕೆಟ್‌ನ ಬೆಲೆ ಸಾಕಷ್ಟು ಹೆಚ್ಚು. ಮಕ್ಕಳೆಲ್ಲರೂ 140 ಸೆಂ.ಮೀ. ದಾಟಿದ್ದು, ಹೋಗುವುದು ರಜೆಯ ಭಾನುವಾರವೇ ಆಗಿದ್ದು, ಜೋರಾದ ರೈಡ್‌ಗಳಿಗಾಗಿಯೇ ಹೋಗುತ್ತಿದ್ದರೆ ಮಾತ್ರ ಅದಕ್ಕೆ ಅರ್ಥವಿದೆ. ಪುಟ್ಟ ಮಕ್ಕಳಿರುವ ಕುಟುಂಬ ದಿನದ ಹೆಚ್ಚಿನ ಭಾಗವನ್ನು ನೀರಿನಲ್ಲಿಯೇ ಕಳೆಯುವುದರಿಂದ ಅವರಿಗೆ ಅದು ದಂಡದ ಖರ್ಚು ಎಂದೇ ನನ್ನ ಅಭಿಪ್ರಾಯ.

ಬಟ್ಟೆ, ಚೀಲ, ಒಡವೆ

ನೀರಿನ ಆಟಗಳಿಗೆ ನೈಲಾನ್, ಪಾಲಿಯೆಸ್ಟರ್ ಅಥವಾ ಲೈಕ್ರಾ ಬಟ್ಟೆ ಕಡ್ಡಾಯ. ಹತ್ತಿಯ ಅಂಗಿ, ಜೀನ್ಸ್, ಸೀರೆ, ದುಪಟ್ಟಾ ಇರುವ ಚೂಡಿದಾರ್ ಇವುಗಳಿಗೆ ಅವಕಾಶವಿಲ್ಲ. ಇದು ಅಂದಚೆಂದದ ನಿಯಮವಲ್ಲ. ಹತ್ತಿ ನೀರನ್ನು ಹೀರಿ ಭಾರವಾಗುತ್ತದೆ, ಅದರ ನೂಲಿನೆಳೆಗಳು ನೀರನ್ನು ಶುದ್ಧಗೊಳಿಸುವ ಫಿಲ್ಟರ್‌ಗಳಲ್ಲಿ ಸಿಕ್ಕಿಕೊಳ್ಳುತ್ತವೆ, ಮತ್ತು ಜಾರುಬಂಡೆಯ ಜೋಡಣೆಗಳಿಗೆ ಸಡಿಲವಾದ ಬಟ್ಟೆ ಸಿಲುಕಿದರೆ ಮೈಗೆ ಪೆಟ್ಟಾಗುತ್ತದೆ. ಒಳಗಿನ ಅಂಗಡಿಯಲ್ಲೂ ಇಂತಹ ಉಡುಪುಗಳು ಸಿಗುತ್ತವೆಯಾದರೂ, ನಾಲ್ಕೈದು ಜನರಿಗೆ ಅಲ್ಲಿಯೇ ಕೊಳ್ಳುವುದು ಜೇಬಿಗೆ ಭಾರ. ಊರಿನ ಯಾವುದೇ ಕ್ರೀಡಾ ಸಾಮಗ್ರಿಯ ಅಂಗಡಿಯಲ್ಲಿ ಸಿಗುವ ಪಾಲಿಯೆಸ್ಟರ್ ಟೀ ಶರ್ಟ್ ಮತ್ತು ಟ್ರ್ಯಾಕ್ ಪ್ಯಾಂಟ್ ಸಾಕು. ಪೂರ್ಣ ತೋಳಿನ ಬಟ್ಟೆಯಾದರೆ ಬಿಸಿಲಿನಿಂದಲೂ ರಕ್ಷಣೆ. ಡೈಪರ್ ಹಾಕುವ ಮಗುವಿಗೆ ಸಾಮಾನ್ಯ ಡೈಪರ್ ನೀರಿನಲ್ಲಿ ಊದಿಕೊಂಡು ಒಡೆಯುತ್ತದೆ. ಈಜಿಗೆಂದೇ ಮಾಡಿದ ಡೈಪರ್ ಬೇಕು.

ಚಿನ್ನದ ಒಡವೆಯನ್ನು ಮನೆಯಲ್ಲೇ ಬಿಟ್ಟು ಬರುವುದು ಕ್ಷೇಮ. ತಣ್ಣೀರಿನಲ್ಲಿ ಬೆರಳು ಸ್ವಲ್ಪ ಕುಗ್ಗುವುದರಿಂದ ಬಿಗಿಯಾಗಿದ್ದ ಉಂಗುರವೂ ಜಾರಿಬಿಡುತ್ತದೆ, ಅಲೆಗಳ ಕೊಳದಲ್ಲಿ ಬಿದ್ದದ್ದು ಮರಳಿ ಸಿಗುವುದು ಅದೃಷ್ಟದ ಮಾತು. ಕನ್ನಡಕ ಹಾಕುವವರು ತಲೆಯ ಹಿಂಭಾಗದಲ್ಲಿ ಕಟ್ಟುವ ದಾರವನ್ನು ತರಬೇಕು, ಉದ್ದ ಕೂದಲಿನವರು ಬಿಗಿಯಾಗಿ ಜಡೆ ಹೆಣೆದು ಒಳಗೆ ಸುತ್ತಿ ಕಟ್ಟಬೇಕು. ಇವಲ್ಲದೆ ಟವೆಲ್, ಒಂದು ಜೊತೆ ಒಣ ಬಟ್ಟೆ, ಒದ್ದೆ ಬಟ್ಟೆಗೆ ದಪ್ಪ ಪ್ಲಾಸ್ಟಿಕ್ ಚೀಲ, ಸನ್‌ಸ್ಕ್ರೀನ್, ನಿತ್ಯ ತೆಗೆದುಕೊಳ್ಳುವ ಮಾತ್ರೆ, ಮೊಬೈಲಿಗೆ ನೀರು ತಾಗದ ಕವರ್. ಹೊರಗಿನ ಊಟಕ್ಕೆ ಅನುಮತಿ ಇಲ್ಲ, ಹಾಗಾಗಿ ಚಿತ್ರಾನ್ನದ ಡಬ್ಬಿ ಕಟ್ಟುವ ಶ್ರಮ ಬೇಡ. ಲಾಕರ್ ಬಾಡಿಗೆಗೆ ಸಿಗುತ್ತದೆ. ಇಡೀ ಕುಟುಂಬಕ್ಕೆ ಒಂದೇ ಸಾಕಾಗುವಷ್ಟು ಸಾಮಾನು ತಂದರೆ ಸಾಕು.

ಹೋಗುವ ದಾರಿ

ಕಾರಿನಲ್ಲಿ ಹೋಗುವವರು ಒಂದು ಮಾತನ್ನು ನೆನಪಿಡಬೇಕು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ಬೇಕೆಂದಲ್ಲಿ ಹೊರಬರಲು ಸಾಧ್ಯವಿಲ್ಲ. ಮಾತಿನ ಭರದಲ್ಲಿ ತಿರುವು ತಪ್ಪಿತೆಂದರೆ ಬಿಡದಿಯ ಬೈಪಾಸ್ ಮೇಲೇರಿ ಬಹಳ ಮುಂದಕ್ಕೆ ಹೋಗಿ ಮರಳಬೇಕಾಗುತ್ತದೆ; ಕುಂಬಳಗೋಡು ದಾಟುವಾಗಲೇ ಸರ್ವಿಸ್ ರಸ್ತೆಗೆ ಇಳಿದುಕೊಂಡರೆ ಈ ತೊಂದರೆ ಇಲ್ಲ. ಆ ವರ್ಷದ ಆಗಸ್ಟ್‌ನಿಂದ ದ್ವಿಚಕ್ರ ವಾಹನಗಳಿಗೂ ಆಟೊಗಳಿಗೂ ಮುಖ್ಯ ಪಥ ನಿಷಿದ್ಧವಾಗಿರುವುದರಿಂದ ಅವರಿಗಂತೂ ಸರ್ವಿಸ್ ರಸ್ತೆಯೇ ಗತಿ. ಸ್ವಂತ ವಾಹನವಿಲ್ಲದವರು ಮೆಟ್ರೊದ ನೇರಳೆ ಮಾರ್ಗದಲ್ಲಿ ಕೆಂಗೇರಿಯವರೆಗೆ ಬಂದು, ಅಲ್ಲಿಂದ ಬಿಡದಿಯ ಕಡೆಗೆ ಹೋಗುವ ಬಸ್ಸು ಹಿಡಿಯಬಹುದು. ಮೈಸೂರು ಕಡೆಯಿಂದ ರೈಲಿನಲ್ಲಿ ಬರುವವರು ಬಿಡದಿ ನಿಲ್ದಾಣದಲ್ಲಿ ಇಳಿಯಬಹುದು, ಆದರೆ ಎಲ್ಲ ರೈಲುಗಳೂ ಅಲ್ಲಿ ನಿಲ್ಲುವುದಿಲ್ಲ.

ಬಿಡದಿಯ ತನಕ ಬಂದವರು ಬೆಣ್ಣೆ ಹಾಕಿದ ತಟ್ಟೆ ಇಡ್ಲಿಯನ್ನು ಬಿಡುವುದುಂಟೇ? ತಿನ್ನಿ, ಆದರೆ ಒಂಬತ್ತು ಗಂಟೆಯೊಳಗೆ ಮುಗಿಸಿ, ಒಂದಕ್ಕೇ ತೃಪ್ತರಾಗಿ. ಉದ್ಯಾನದ ಬಾಗಿಲು ಸಾಮಾನ್ಯವಾಗಿ 11ಕ್ಕೆ ತೆರೆಯುತ್ತದೆ, ಮತ್ತು ತುಂಬಿದ ಹೊಟ್ಟೆಯಲ್ಲಿ ತಲೆಕೆಳಗಾಗಿ ತಿರುಗುವುದು ಯಾರಿಗೂ ಹಿತವಲ್ಲ.

ದಿನದ ಕ್ರಮ

ನೀರಿನ ವಿಭಾಗ ಬಾಗಿಲು ತೆರೆದ ಕೂಡಲೇ ಆರಂಭವಾಗುವುದಿಲ್ಲ. ಸುಮಾರು ಒಂದು ಗಂಟೆಗೂ ಹೆಚ್ಚು ಹೊತ್ತು ನೆಲದ ರೈಡ್‌ಗಳು ಮಾತ್ರ ನಡೆಯುತ್ತವೆ, ಮತ್ತು ಸಂಜೆ ನೀರಿನ ಆಟಗಳು ಬೇಗ ಮುಚ್ಚುತ್ತವೆ. ಆ ದಿನದ ಸಮಯವನ್ನು ಒಳಗೆ ಬಂದೊಡನೆ ಕೇಳಿಕೊಳ್ಳಬೇಕು. ಇಡೀ ದಿನದ ಯೋಜನೆ ಈ ಅಂತರದ ಮೇಲೆ ನಿಂತಿದೆ. ಹೆಚ್ಚಿನ ಜನ ಬಾಗಿಲ ಹತ್ತಿರದ ಮೊದಲ ರೈಡಿಗೇ ಸಾಲು ನಿಲ್ಲುತ್ತಾರೆ. ಹಾಗೆ ಮಾಡದೆ, ದೊಡ್ಡ ಮಕ್ಕಳಿಗೆ ಅತ್ಯಂತ ಇಷ್ಟವಾದ ರೈಡ್ ಯಾವುದೋ ನೇರವಾಗಿ ಅಲ್ಲಿಗೆ ನಡೆಯಬೇಕು. ಅದು ಹೆಚ್ಚಾಗಿ ರಿಕಾಯಿಲ್ ಆಗಿರುತ್ತದೆ: ಮುಂದಕ್ಕೆ ನುಗ್ಗಿ, ತಲೆಕೆಳಗಾಗಿ ಸುತ್ತಿ, ಕೊನೆ ಮುಟ್ಟಿದ ಮೇಲೆ ಅದೇ ಹಳಿಯ ಮೇಲೆ ಹಿಮ್ಮುಖವಾಗಿ ಮರಳುವ ರೋಲರ್ ಕೋಸ್ಟರ್. ಮಧ್ಯಾಹ್ನ ಗಂಟೆಗಟ್ಟಲೆ ಕಾಯಿಸಬಹುದಾದ ಸಾಲು ಆ ಮೊದಲ ಹೊತ್ತಿನಲ್ಲಿ ಚಿಕ್ಕದಾಗಿರುತ್ತದೆ.

ಆದರೆ ಗಿರಗಿರ ತಿರುಗುವ ರೈಡ್‌ಗಳನ್ನು ಒಂದರ ಹಿಂದೊಂದು ಹತ್ತಬಾರದು. ದೇಹದ ಸಮತೋಲನವನ್ನು ಗ್ರಹಿಸುವ ಒಳಕಿವಿಯ ದ್ರವ ರೈಡ್ ನಿಂತ ಮೇಲೂ ಸ್ವಲ್ಪ ಹೊತ್ತು ಚಲಿಸುತ್ತಿರುತ್ತದೆ. ಕಣ್ಣು ಒಂದನ್ನು ಹೇಳಿ ಕಿವಿ ಇನ್ನೊಂದನ್ನು ಹೇಳಿದಾಗಲೇ ವಾಕರಿಕೆ ಬರುವುದು. ಒಂದು ತಿರುಗುವ ರೈಡ್ ಆದ ಮೇಲೆ ಹತ್ತು ನಿಮಿಷ ನೆರಳಲ್ಲಿ ಕೂತು ನೀರು ಕುಡಿಯಲಿ. ತೂಗುವ ಹಡಗಿನಲ್ಲಿ ಅಂಜಿಕೆ ಇರುವವರು ನಡುವಿನ ಸಾಲಿನಲ್ಲಿ ಕೂರಬೇಕು, ಏಕೆಂದರೆ ಎತ್ತರಕ್ಕೆ ಏರುವುದು ತುದಿಗಳು. ಗರ್ಭಿಣಿಯರು, ಹೃದ್ರೋಗ ಅಥವಾ ಅಧಿಕ ರಕ್ತದೊತ್ತಡ ಇರುವವರು, ಬೆನ್ನು ಅಥವಾ ಕತ್ತಿನ ನೋವಿನವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು ಇಂತಹ ರೈಡ್‌ಗಳನ್ನು ಹತ್ತಲೇಬಾರದು. ಮಕ್ಕಳ ಒತ್ತಾಯಕ್ಕೆ ಮಣಿಯುವ ಜಾಗ ಇದಲ್ಲ.

ಊಟವನ್ನು ಹನ್ನೆರಡೂವರೆಯೊಳಗೆ ಲಘುವಾಗಿ ಮುಗಿಸಬೇಕು, ಇಲ್ಲವೇ ಎರಡೂವರೆಯ ನಂತರಕ್ಕೆ ಮುಂದೂಡಬೇಕು. ನಡುವಿನ ಎರಡು ಗಂಟೆಗಳಲ್ಲಿ ಊಟದ ಜಾಗದಲ್ಲಿ ಕುರ್ಚಿ ಹುಡುಕುವುದೇ ಒಂದು ರೈಡ್ ಆಗಿಬಿಡುತ್ತದೆ.

ನೀರಿಗಿಳಿದ ಮೇಲೆ ಎಚ್ಚರಿಕೆ ಹೆಚ್ಚಬೇಕು. ಅಲೆಗಳ ಕೊಳ ಸಮುದ್ರತೀರದಂತೆ ಇಳಿಜಾರಾಗಿರುತ್ತದೆ, ಅಲೆಗಳನ್ನು ಬಿಟ್ಟುಬಿಟ್ಟು ಎಬ್ಬಿಸುತ್ತಾರೆ. ಅಲೆ ಇಲ್ಲದಾಗ ಸೊಂಟದ ಮಟ್ಟಕ್ಕಿದ್ದ ನೀರು ಅಲೆ ಬಂದಾಗ ಮಗುವಿನ ಮುಖ ಮುಚ್ಚುತ್ತದೆ. ಆದ್ದರಿಂದ ಈಜು ಬಾರದ ಮಗು ಮೊಣಕಾಲಿನ ಮಟ್ಟವನ್ನು ದಾಟಬಾರದು, ಮತ್ತು ಒಬ್ಬ ದೊಡ್ಡವರು ಕೈಗೆಟುಕುವ ದೂರದಲ್ಲಿ, ಮೊಬೈಲ್ ಇಲ್ಲದೆ, ಆ ಮಗುವನ್ನಷ್ಟೇ ನೋಡುತ್ತಿರಬೇಕು. ದಡದಲ್ಲಿ ಜೀವರಕ್ಷಕರಿದ್ದಾರೆ ಎಂಬ ಧೈರ್ಯ ಸಾಲದು. ಅವರು ನೂರಾರು ತಲೆಗಳನ್ನು ಒಟ್ಟಿಗೆ ನೋಡುತ್ತಿರುತ್ತಾರೆ, ಮುಳುಗುವ ಮಗು ಕೂಗುವುದೂ ಇಲ್ಲ. ಟ್ಯೂಬಿನಲ್ಲಿ ಕೂತು ತೇಲುವ ಲೇಜಿ ರಿವರ್ ಮತ್ತು ಸಂಗೀತಕ್ಕೆ ಮಳೆ ಸುರಿಸುವ ರೇನ್ ಡಿಸ್ಕೊ ಎಲ್ಲ ವಯಸ್ಸಿನವರೂ ಒಟ್ಟಿಗೆ ಸೇರಬಹುದಾದ ಜಾಗಗಳು. ಅಜ್ಜಿಗೂ ಒಂದು ಪಾಲಿಯೆಸ್ಟರ್ ಉಡುಪನ್ನು ಹೊಲಿಸಿ ತಂದಿದ್ದರೆ ಆಕೆ ಚೀಲ ಕಾಯುವ ಕೆಲಸದಿಂದ ಬಿಡುಗಡೆ ಪಡೆಯುತ್ತಾರೆ. ಪ್ರತಿ ರಜೆಯಲ್ಲೂ ಚೀಲಗಳ ರಾಶಿಯ ಪಕ್ಕ ದಿನವಿಡೀ ಕೂತಿರುವ ಹಿರಿಯರನ್ನು ನೋಡುವಾಗ, ಅವರನ್ನು ಕರೆತಂದದ್ದಾದರೂ ಏಕೆ ಎನಿಸುತ್ತದೆ.

ದಾರಿ ತಪ್ಪುವ ಭಯವಿರುವ ಮಗುವಿನ ಮುಂಗೈ ಮೇಲೆ ಅಳಿಸದ ಶಾಯಿಯಲ್ಲಿ ಫೋನ್ ಸಂಖ್ಯೆ ಬರೆಯುವುದು, ಎಲ್ಲರೂ ಸೇರುವ ಒಂದು ಜಾಗ ಮತ್ತು ಗಂಟೆಯನ್ನು ಗೊತ್ತುಮಾಡಿಕೊಳ್ಳುವುದು, ಸನ್‌ಸ್ಕ್ರೀನನ್ನು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚುವುದು ಮರೆಯಬಾರದು. ನೀರಿನಲ್ಲಿದ್ದಾಗ ಬಾಯಾರಿಕೆ ತಿಳಿಯುವುದಿಲ್ಲ, ಆದರೂ ಮಕ್ಕಳಿಗೆ ಆಗಾಗ ಕುಡಿಯಲು ಕೊಡುತ್ತಿರಬೇಕು.

ನಾಲ್ಕು ಗಂಟೆಯ ಸುಮಾರಿಗೆ ನೀರಿನಿಂದ ಹೊರಬರುವುದು ಜಾಣತನ, ಏಕೆಂದರೆ ನೀರಿನ ವಿಭಾಗ ಮುಚ್ಚಿದ ಕ್ಷಣ ಎಲ್ಲರೂ ಒಟ್ಟಿಗೆ ಬಟ್ಟೆ ಬದಲಿಸುವ ಕೋಣೆಗಳಿಗೆ ನುಗ್ಗುತ್ತಾರೆ. ಸಿಹಿನೀರಿನಲ್ಲಿ ಮಿಂದು ಕ್ಲೋರಿನ್ ತೊಳೆದು, ಒಣ ಬಟ್ಟೆ ತೊಟ್ಟು, ಬಿಸಿ ಕಾಫಿ ಕುಡಿದ ಮೇಲೆ ಗೋಪುರದ ಮೇಲಿರುವ ಸ್ಕೈ ವೀಲ್‌ನಂತಹ ನಿಧಾನದ ರೈಡ್‌ಗಳನ್ನು ಇಡೀ ಕುಟುಂಬ ಒಟ್ಟಾಗಿ ಹತ್ತಬಹುದು.

ಮರಳುವಾಗ

ಭಾನುವಾರ ಸಂಜೆ ಮೈಸೂರಿನಿಂದ ಮರಳುವ ವಾಹನಗಳೆಲ್ಲ ಕುಂಬಳಗೋಡು, ಕೆಂಗೇರಿಯ ನಡುವೆ ಸೇರಿಕೊಳ್ಳುವುದರಿಂದ, ಐದಕ್ಕೆ ಹೊರಡುವುದು ಇಲ್ಲವೇ ಊಟ ಮುಗಿಸಿ ಒಂಬತ್ತರ ಮೇಲೆ ಹೊರಡುವುದು ವಾಸಿ. ದಿನವಿಡೀ ಬಿಸಿಲು ಮತ್ತು ನೀರಿನಲ್ಲಿದ್ದವರಿಗೆ ಚಾಲಕನ ಆಸನದಲ್ಲಿ ನಿದ್ದೆ ಒತ್ತರಿಸಿ ಬರುತ್ತದೆ. ಹೆಚ್ಚು ದಣಿಯದ ಒಬ್ಬರನ್ನು ಬೆಳಿಗ್ಗೆಯೇ ಚಾಲನೆಗೆಂದು ಗೊತ್ತುಮಾಡಿರಬೇಕು. ಹುಬ್ಬಳ್ಳಿ, ಕಲಬುರಗಿ, ಮಂಗಳೂರಿನಂತಹ ದೂರದ ಊರುಗಳಿಂದ ಬರುವವರು ಉದ್ಯಾನಕ್ಕೆ ಹೊಂದಿಕೊಂಡಿರುವ ರೆಸಾರ್ಟ್‌ನಲ್ಲಿ ಅಥವಾ ಕೆಂಗೇರಿ ಕಡೆಯ ವಸತಿಗೃಹದಲ್ಲಿ ರಾತ್ರಿ ತಂಗಿ, ಮರುದಿನ ಬೆಳಿಗ್ಗೆ ರಾಮನಗರದ ಜಾನಪದ ಲೋಕವನ್ನೂ ಚನ್ನಪಟ್ಟಣದ ಬೊಂಬೆ ಅಂಗಡಿಗಳನ್ನೂ ನೋಡಿಕೊಂಡು ಹೋಗಬಹುದು. ಇವೆರಡನ್ನೂ ವಂಡರ್‌ಲಾದ ದಿನಕ್ಕೇ ತುರುಕಲು ಹೋಗಬಾರದು. ಜಾನಪದ ಲೋಕಕ್ಕೆ ಮಂಗಳವಾರ ರಜೆ, ಆದ್ದರಿಂದ ಎರಡು ದಿನದ ಯೋಜನೆ ಹಾಕುವವರು ಸೋಮವಾರ ಉದ್ಯಾನಕ್ಕೆ ಹೋಗುವುದನ್ನು ತಪ್ಪಿಸಿ, ಬುಧವಾರ ಅಥವಾ ಗುರುವಾರವನ್ನು ಆರಿಸಿಕೊಳ್ಳಬೇಕು.