ಸಿಲ್ಲಿ ಪಾಯಿಂಟಿನಿಂದ ಹಿಂದಕ್ಕೆ: ಒಂದು ಇಂಗ್ಲಿಷ್ ಪದದ ಬೆನ್ನು ಹತ್ತುವ ಬಗೆ

ಟೆಸ್ಟ್ ಪಂದ್ಯ ನೋಡುತ್ತಿದ್ದ ಮೊಮ್ಮಗಳು ಕೇಳಿದಳು: "ಅಜ್ಜ, ಬ್ಯಾಟಿನ ಮೂಗಿನ ಕೆಳಗೇ ನಿಂತಿದ್ದಾನಲ್ಲ, ಆ ಜಾಗಕ್ಕೆ ಸಿಲ್ಲಿ ಪಾಯಿಂಟ್ ಎಂದು ಯಾಕೆ ಹೆಸರು?" ಅಷ್ಟು ಹತ್ತಿರ ನಿಲ್ಲುವುದು ಪೆದ್ದುತನ, ಅದಕ್ಕೇ ಎಂದೆ. ಅವಳಿಗೆ ಸಮಾಧಾನವಾಯಿತು. ನನಗೆ ಮಾತ್ರ ಹಳೆಯ ಪೆಟ್ಟೊಂದು ನೆನಪಾಯಿತು.

ಪುತ್ತೂರಿನ ಕಡೆಯ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡಲು ತೊಡಗಿದ ಮೊದಲ ವರ್ಷ. ಕ್ರಿಸ್ತ ಹುಟ್ಟಿದ ಬೆಳಗಿನ ಕುರಿತು ಮಿಲ್ಟನ್ 1629ರಲ್ಲಿ ಬರೆದ ಕವಿತೆ. ಕುರುಬರು ಹುಲ್ಲಿನ ಮೇಲೆ ಹರಟುತ್ತ ಕುಳಿತಿದ್ದಾರೆ. ಅವರ 'ಸಿಲ್ಲಿ' ಯೋಚನೆಗಳಲ್ಲಿ ತುಂಬಿರುವುದು ತಮ್ಮ ಪ್ರೇಮ, ಇಲ್ಲವೇ ತಮ್ಮ ಕುರಿ. ಮುಂದೆ ಸ್ವರ್ಗದ ಸಂಗೀತ ಕೇಳುವವರು ಇವರೇ. "ದಡ್ಡ ಯೋಚನೆಗಳು" ಎಂದು ಧೈರ್ಯವಾಗಿ ಬಿಡಿಸಿ ಹೇಳಿದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು, "ಹಾಗಾದರೆ ಸ್ವರ್ಗದ ಸಂಗೀತ ದಡ್ಡರ ಕಿವಿಗೇ ಯಾಕೆ ಬೀಳಬೇಕು ಸರ್?" ಎಂದು ಕೇಳಿದ. ಗಂಟೆ ಹೊಡೆದದ್ದು ನನ್ನ ಪುಣ್ಯ.

ನಿಮಗೂ ಪದಗಳ ಬೆನ್ನು ಹತ್ತುವ ಆಸೆಯಿದ್ದರೆ ಆ ಹುಡುಗನಂತೆ ಶುರು ಮಾಡಿ. ಗೊತ್ತಿರುವ ಪದ ಗೊತ್ತಿರುವ ಅರ್ಥದಲ್ಲಿ ಕೂರಲು ಒಪ್ಪದ ಒಂದು ವಾಕ್ಯ ಹಿಡಿಯಿರಿ. ಪದದಿಂದ ಹೊರಟರೆ ನಿಘಂಟಿನ ಪುಟದಲ್ಲಿ ಕಳೆದುಹೋಗುತ್ತೀರಿ. ಮುಳ್ಳಿನಂತೆ ಚುಚ್ಚುವ ವಾಕ್ಯದಿಂದ ಹೊರಟರೆ ದಾರಿ ತಪ್ಪುವುದಿಲ್ಲ.

ಆಮೇಲೆ ಬೇಕಾದದ್ದು ಆಕ್ಸ್‌ಫರ್ಡಿನ ದೊಡ್ಡ ನಿಘಂಟು. ಚಿಕ್ಕದು ಸಾಲದು. ಲಂಡನ್ನಿನ ಭಾಷಾಶಾಸ್ತ್ರ ಸಂಘ 1857ರಲ್ಲಿ ಅದರ ಮಾತೆತ್ತಿತು, 1879ರಲ್ಲಿ ಜೇಮ್ಸ್ ಮರ್ರೆ ಸಂಪಾದಕರಾದರು, ಮೊದಲ ಕಂತು ಬಂದದ್ದು 1884ರಲ್ಲಿ, ಮುಗಿದದ್ದು 1928ರಲ್ಲಿ. ಅಷ್ಟರಲ್ಲಿ ಮರ್ರೆ ತೀರಿಕೊಂಡು ವರ್ಷಗಳಾಗಿದ್ದವು. ಊರೂರಿನ ಓದುಗರು ಪುಸ್ತಕಗಳಿಂದ ವಾಕ್ಯಗಳನ್ನು ಚೀಟಿಗಳ ಮೇಲೆ ಬರೆದು ಕಳುಹಿಸುತ್ತಿದ್ದರು. ಮರ್ರೆ ತಮ್ಮ ತೋಟದ ತಗಡಿನ ಶೆಡ್ಡಿನಲ್ಲಿ ಅವನ್ನು ಗೂಡುಗಳಿಗೆ ಹಂಚುತ್ತಿದ್ದರು. ಹಾಗಾಗಿ ಅಲ್ಲಿ ಪ್ರತಿ ಅರ್ಥದ ಕೆಳಗೂ ಇಸವಿ ಸಮೇತ ಸಾಕ್ಷಿಗಳು ಸಾಲುಗಟ್ಟಿರುತ್ತವೆ. ಅರ್ಥ ವಿವರಣೆಯನ್ನು ಬೆರಳಿನಿಂದ ಮುಚ್ಚಿಟ್ಟು ಮೊದಲು ಆ ಸಾಕ್ಷಿಗಳನ್ನು ಓದಿ.

ನಾನೂ ಚೀಟಿಯವನೇ. ಹಳೆಯ ಮದುವೆ ಕಾಗದಗಳನ್ನು ಎರಡಾಗಿ ಕತ್ತರಿಸಿ, ಖಾಲಿ ಬೆನ್ನಿನ ಮೇಲೆ ಒಂದು ಚೀಟಿಗೆ ಒಂದೇ ವಾಕ್ಯ, ಎಡಗಡೆ ಮೇಲೆ ಇಸವಿ. ಚಪ್ಪಲಿ ಪೆಟ್ಟಿಗೆಯಲ್ಲಿ ಸಾಲಾಗಿ ನಿಲ್ಲಿಸುತ್ತೇನೆ.

'ಸಿಲ್ಲಿ'ಯ ಸಾಲಿನಲ್ಲಿ ಮೊದಲು ನಿಂತಿರುವುದು ಹಳೆಯ ಇಂಗ್ಲಿಷಿನ 'ಸೇಲಿಗ್': ಸುಖಿ, ಧನ್ಯ. ಅದರ ಜರ್ಮನ್ ದಾಯಾದಿ 'ಜೇಲಿಗ್' ಇಂದಿಗೂ ಹಾಗೆಯೇ ಉಳಿದಿದೆ. ಮತ್ತಾಯನ ಐದನೆಯ ಅಧ್ಯಾಯದಲ್ಲಿ ನಮ್ಮ ಬೈಬಲ್ 'ಧನ್ಯರು' ಎನ್ನುವ ಕಡೆ ಲೂಥರ್‌ನ ಜರ್ಮನ್ ಬೈಬಲಿನಲ್ಲಿ ಇರುವುದು ಇದೇ ಪದ. ಹೀಗೆ ದಾಯಾದಿ ಭಾಷೆಯನ್ನು ವಿಚಾರಿಸುವುದು ಒಳ್ಳೆಯ ಅಭ್ಯಾಸ. ಮನೆ ಬಿಟ್ಟು ಹೋದವನ ಬಾಲ್ಯ ಊರಲ್ಲಿ ಉಳಿದ ಅಣ್ಣನಿಗೆ ಗೊತ್ತಿರುತ್ತದೆ. 1200ರ ಹೊತ್ತಿಗೆ ಇಂಗ್ಲಿಷಿನ ಧನ್ಯ 'ನಿಷ್ಪಾಪಿ'ಯಾದ. ನೂರು ವರ್ಷದೊಳಗೆ 'ಅಯ್ಯೋ ಎನಿಸುವವನು', ಹಿಂದೆಯೇ 'ದುರ್ಬಲ'. 1570ರ ದಶಕದಲ್ಲಿ 'ಬುದ್ಧಿಯಿಲ್ಲದವನು' ಬಂದು ಸೇರಿಕೊಂಡ.

ಇಲ್ಲಿ ಹೊಸಬರು ಎಡವುತ್ತಾರೆ. ಹೊಸ ಅರ್ಥ ಬಂದ ದಿನ ಹಳೆಯದು ಗಂಟು ಮೂಟೆ ಕಟ್ಟಿತೆಂದು ತಿಳಿಯುತ್ತಾರೆ. ಇಲ್ಲ, ಎರಡೂ ಒಂದೇ ಮನೆಯಲ್ಲಿ ನೂರಾರು ವರ್ಷ ಬಾಳುತ್ತವೆ. ಮಿಲ್ಟನ್ ಬರೆಯುವಾಗ 'ದಡ್ಡ' ಬಂದು ಐವತ್ತು ವರ್ಷ ಕಳೆದಿತ್ತು. ಆದರೂ ಅವನ ಕುರುಬರು ಸರಳರು, ಕಪಟವರಿಯದವರು. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಕೂಡ ತನ್ನ ನಿಘಂಟಿನಲ್ಲಿ ನಿರುಪದ್ರವಿಯನ್ನು ಮೊದಲು ಕೂರಿಸಿ, ದಡ್ಡನನ್ನು ಕೊನೆಗೆ ಇಟ್ಟಿದ್ದಾನೆ. ಹಿಂದಿನ ಬೆಂಚಿಗೆ ಉತ್ತರ ಸಿಕ್ಕಿತು, ಹುಡುಗ ಮಾತ್ರ ಅಷ್ಟರಲ್ಲಿ ಪಾಸಾಗಿ ಹೋಗಿದ್ದ.

ಚೀಟಿಗಳನ್ನು ಜೋಡಿಸಿದ ಮೇಲೆ ಕೀಲು ಹುಡುಕಬೇಕು. ಈ ಕೆಲಸದಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ. ಅರ್ಥ ಎಂದೂ ಹಾರುವುದಿಲ್ಲ, ಹೊರಳುತ್ತದೆ. ಹಳೆಯ ಅರ್ಥವನ್ನೂ ಹೊಸದನ್ನೂ ಹಾಕಿ ಓದಿದರೆ ಎರಡೂ ಸಲ್ಲುವ ವಾಕ್ಯದಲ್ಲಿ ಹೊರಳುತ್ತದೆ. ಹದಿನಾಲ್ಕನೆಯ ಶತಮಾನದ ಕೊನೆಗೆ ಇಂಗ್ಲಿಷ್ ಕವಿ ಚಾಸರ್ ಹೇಳಿದ ಗಿರಣಿಯವನ ಕಥೆಯಲ್ಲಿ ಒಬ್ಬ ಬಡಗಿ ಇದ್ದಾನೆ. ವಯಸ್ಸಾದವನು, ಎಳೆಯ ಹೆಂಡತಿ. ಮನೆಯಲ್ಲಿ ಬಾಡಿಗೆಗಿದ್ದ ವಿದ್ಯಾರ್ಥಿ ಪ್ರಳಯ ಬರುತ್ತದೆಂದು ಹೆದರಿಸಿದ್ದೇ ತಡ, ಸೂರಿಗೆ ಕಡಾಯಿಯಂಥ ಮರದ ತೊಟ್ಟಿ ಕಟ್ಟಿ ಅದರೊಳಗೆ ಮಲಗುತ್ತಾನೆ. ಚಾಸರ್ ಅವನನ್ನು ಮತ್ತೆ ಮತ್ತೆ 'ಸೇಲಿ' ಎನ್ನುತ್ತಾನೆ; 'ಸಿಲ್ಲಿ'ಯ ಅಂದಿನ ರೂಪ ಅದು. ಒಳ್ಳೆಯವನೇ? ಪಾಪ ಎನ್ನಬೇಕಾದವನೇ? ಮೋಸ ಹೋಗುವ ಪೆದ್ದನೇ? ಮೂರೂ ಹೌದು. ಕೀಲು ಅಲ್ಲಿದೆ.

ಇದು ಅರ್ಥವಾಗದಿದ್ದರೆ ದಕ್ಷಿಣ ಕನ್ನಡಕ್ಕೆ ಬನ್ನಿ. ನಮ್ಮಲ್ಲಿ ಗಂಡು ನೋಡಿ ಬಂದವರು "ಹುಡುಗ ಪಾಪದವನು" ಎನ್ನುತ್ತಾರೆ. ಪಾಪ ಮಾಡಿದವನೆಂದಲ್ಲ; ಯಾರ ತಂಟೆಗೂ ಹೋಗದ ಸಾಧು ಎಂದು. ಹುಡುಗಿಯ ತಾಯಿಗೆ ಅದು ಹೊಗಳಿಕೆಯಾಗಿ ಕೇಳಿಸುತ್ತದೆ. ಪಕ್ಕದಲ್ಲಿ ಅಡಿಕೆ ಕತ್ತರಿಸುತ್ತ ಕುಳಿತ ಅತ್ತೆ, "ಓ, ಅಷ್ಟು ಪಾಪದವನೇ?" ಎಂದು ರಾಗ ಎಳೆಯುತ್ತಾರೆ. ಪದ ಒಂದೇ, ಕೋಣೆ ಒಂದೇ, ಅರ್ಥ ಅತ್ತೆಯ ಬಾಯಲ್ಲಿ ಹೊರಳಿತು.

ಆಮೇಲೆ ಎದುರು ದಿಕ್ಕಿನಲ್ಲಿ ನಡೆದ ಪದವೊಂದನ್ನು ಹುಡುಕಿ ಪಕ್ಕದಲ್ಲಿಡಿ. ನನಗೆ ಸಿಕ್ಕಿದ್ದು 'ಮುಗ್ಧ'. 'ಮೂಢ', 'ಮುಗ್ಧ' ಎರಡೂ ಸಂಸ್ಕೃತದ ಒಂದೇ ಧಾತುವಿನ ಮಕ್ಕಳು, ದಿಕ್ಕು ತೋಚದವನು ಎಂಬ ಅರ್ಥದಲ್ಲಿ ಹುಟ್ಟಿದವರು. ಮೋಹವೂ ಅವರ ಮನೆಯದೇ. ಒಬ್ಬ ದಡ್ಡನಾಗಿಯೇ ಉಳಿದ, ಇನ್ನೊಬ್ಬ ಕನ್ನಡದಲ್ಲಿ ಮಗುವಿನ ನಗೆಗೆ ವಿಶೇಷಣವಾದ. 'ಸಿಲ್ಲಿ' ಇಳಿದ ಮೆಟ್ಟಿಲನ್ನೇ ಇದು ಹತ್ತಿದೆ.

ಒಂದು ಎಚ್ಚರಿಕೆ. ಬಾಯಲ್ಲಿ ನೀರೂರಿಸುವ ಕಥೆ ಸಿಕ್ಕರೆ ಅನುಮಾನಿಸಿ. ಶ್ರೀಮಂತ ಠೀವಿಗೆ ಹೇಳುವ 'ಪಾಶ್' ಎಂಬ ಪದ, ಭಾರತಕ್ಕೆ ಬರುವಾಗ ಹಡಗಿನ ಎಡಗಡೆ, ಹಿಂತಿರುಗುವಾಗ ಬಲಗಡೆ ನೆರಳಿನ ಕೋಣೆ ಹಿಡಿಯುತ್ತಿದ್ದ ಸಾಹೇಬರ ಟಿಕೆಟ್ಟಿನ ಮೇಲಿನ ನಾಲ್ಕು ಅಕ್ಷರ ಎನ್ನುತ್ತಾರೆ: 'ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್' ಎಂಬುದರ ಮೊದಲ ಅಕ್ಷರಗಳು. ಅಂಥ ಒಂದು ಟಿಕೆಟ್ಟೂ ಸಿಕ್ಕಿಲ್ಲ. ನಾನೇ ಹತ್ತು ವರ್ಷ ತರಗತಿಯಲ್ಲಿ ಈ ಕಥೆ ಮಾರಿದ್ದೇನೆ.

ಅಭ್ಯಾಸಕ್ಕೆ 'ನೈಸ್' ತೆಗೆದುಕೊಳ್ಳಿ. ಲ್ಯಾಟಿನ್ನಿನಲ್ಲಿ ಅದರ ಅಜ್ಜನ ಅರ್ಥ 'ಅರಿಯದವನು'. ಅಲ್ಲಿಂದ ದಡ್ಡ, ಅತಿ ನಾಜೂಕಿನವನು, ನಯ, ಸೂಕ್ಷ್ಮ, ಹದಿನೆಂಟನೆಯ ಶತಮಾನಕ್ಕೆ ಬರಿಯ 'ಚೆನ್ನಾಗಿದೆ'. ಸಾಲು ಅಲ್ಲಿಗೆ ಮುಗಿಯಿತೆಂದು ನಾನು ಪೆಟ್ಟಿಗೆ ಮುಚ್ಚಿದ್ದೆ. ಮೊನ್ನೆ ಅಡುಗೆಮನೆಯಲ್ಲಿ ನನ್ನ ಹೆಂಡತಿ ಮೊಮ್ಮಗಳಿಗೆ ಹೇಳುತ್ತಿದ್ದಳು: "ನೀರುದೋಸೆಯ ಅಕ್ಕಿ ಇನ್ನೂ ತರಿ ಇದೆ, ನೈಸಾಗಿ ರುಬ್ಬು." ಚೀಟಿ ತೆಗೆದು ಇಸವಿ ಬರೆದುಕೊಂಡೆ.